ಮಗುವಿನ ಕೈಗೆ ಆಕಾಶ

ಮಗುವಿಗೂ ಆಕಾಶಕ್ಕೂ ಇರುವ ನಂಟು ಅಕ್ಷರದ ನಂಟಿಗಿಂತ ಹಳೆಯದು. ಮಾತು ಬಾರದ ಕೂಸು ಕೂಡ ಅಂಗಳದಲ್ಲಿ ತಾಯಿಯ ತೋಳಿನ ಮೇಲೆ ಕುಳಿತು ಚಂದ್ರನತ್ತ ಕೈ ಚಾಚುತ್ತದೆ. ಚಂದಮಾಮನನ್ನು ತೋರಿಸಿ ತುತ್ತು ಉಣಿಸುವ ವಾಡಿಕೆ ನಮ್ಮ ನಾಡಿನ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಚಂದ್ರನೇ ಬೇಕೆಂದು ಹಟ ಹಿಡಿದ ಬಾಲರಾಮನಿಗೆ ಕನ್ನಡಿಯಲ್ಲಿ ಚಂದ್ರನನ್ನು ತೋರಿಸಿ ಸಮಾಧಾನಪಡಿಸಿದ ಕಥೆಯನ್ನು ಕೇಳದವರು ವಿರಳ. ಈ ಕಥೆಯಲ್ಲಿ ಒಂದು ಗೂಢವಾದ ಅರ್ಥವಿದೆ. ದೂರದ ವಸ್ತುವನ್ನು ಮಗುವಿನ ಹತ್ತಿರಕ್ಕೆ ತರಬೇಕಾದರೆ ಒಂದು ಕನ್ನಡಿ ಬೇಕು. ಇಂದಿನ ಮಕ್ಕಳಿಗೆ ಅಂತಹ ಕನ್ನಡಿಯಾಗಿ ಒದಗುವುದು ಚಿತ್ರಪುಸ್ತಕ. ಆದರೆ ಕನ್ನಡಿ ಸೊಟ್ಟಗಿದ್ದರೆ ಅದರಲ್ಲಿ ಮೂಡುವ ಬಿಂಬವೂ ಸೊಟ್ಟಗಿರುತ್ತದೆ. ಆದುದರಿಂದ ಎಳೆಯ ಮಕ್ಕಳಿಗೆ ಆಕಾಶವನ್ನು ಕುರಿತ ಪುಸ್ತಕವನ್ನು ಆರಿಸುವ ಕೆಲಸ ತೋರಿಕೆಗೆ ಹಗುರ, ಹೊಣೆಯಲ್ಲಿ ಭಾರ.

1957ರಲ್ಲಿ ಮೊದಲ ಕೃತಕ ಉಪಗ್ರಹವು ಭೂಮಿಯನ್ನು ಸುತ್ತಿತು. 1969ರಲ್ಲಿ ಮಾನವನು ಚಂದ್ರನ ಮೇಲೆ ಕಾಲಿಟ್ಟನು. 1975ರಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ಸಿದ್ಧವಾದ ಆರ್ಯಭಟ ಉಪಗ್ರಹವು ಆಕಾಶಕ್ಕೇರಿತು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋಗಿಬಂದರು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದಾಗ ಹಳ್ಳಿಯ ಶಾಲೆಯ ಮಕ್ಕಳೂ ಆ ದೃಶ್ಯವನ್ನು ಕಣ್ಣಾರೆ ಕಂಡರು. ಇಂತಹ ಒಂದೊಂದು ಘಟನೆಯೂ ಮಕ್ಕಳ ಮನದಲ್ಲಿ ನೂರು ಪ್ರಶ್ನೆಗಳನ್ನು ಎಬ್ಬಿಸುತ್ತದೆ. ಆ ಪ್ರಶ್ನೆಗಳಿಗೆ ಉತ್ತರ ಹೇಳುವೆವೆಂದು ಬಣ್ಣಬಣ್ಣದ ಪುಸ್ತಕಗಳು ಅಂಗಡಿಗಳಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಕೊಳ್ಳುವವರು ಕಾಗದದ ನುಣುಪನ್ನೂ ಬಣ್ಣದ ಹೊಳಪನ್ನೂ ನೋಡುತ್ತಾರೆ. ಒಳಗಿನ ಚಿತ್ರ ಏನನ್ನು ಕಲಿಸುತ್ತದೆ ಎಂದು ನೋಡುವವರು ಕಡಿಮೆ. ಅನೇಕ ಮನೆಗಳಲ್ಲಿ ಪುಸ್ತಕವನ್ನು ಮಡಿಲಲ್ಲಿರಿಸಿಕೊಂಡು ಚಿಕ್ಕವರಿಗೆ ಓದಿಹೇಳುವವರು ತಂದೆತಾಯಿಗಳಲ್ಲ. ಪ್ರೌಢಶಾಲೆಯಲ್ಲಿ ಓದುತ್ತಿರುವ ಅಕ್ಕಂದಿರು, ಅಣ್ಣಂದಿರು. ಹೀಗಾಗಿ ಈ ಆಯ್ಕೆಯ ವಿವೇಕವು ಹಿರಿಯರಿಗೆ ಮಾತ್ರವಲ್ಲ, ವಿದ್ಯಾರ್ಥಿಗಳಿಗೂ ಬೇಕಾದುದು.

ಒಳ್ಳೆಯ ಪುಸ್ತಕವೂ ತಪ್ಪನ್ನು ಕಲಿಸಬಹುದೆಂಬುದಕ್ಕೆ ಚರಿತ್ರೆಯಲ್ಲಿಯೇ ನಿದರ್ಶನವಿದೆ. ಯೂರೋಪಿನ ಶಿಕ್ಷಣತಜ್ಞ ಕೊಮೆನಿಯಸ್ ರಚಿಸಿದ ‘ಆರ್ಬಿಸ್ ಸೆನ್ಸುವಾಲಿಯಂ ಪಿಕ್ಟಸ್’ ಎಂಬ ಪುಸ್ತಕ 1658ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಅಚ್ಚಾಯಿತು. ಕಣ್ಣಿಗೆ ಕಾಣುವ ಪ್ರಪಂಚವನ್ನು ಚಿತ್ರಗಳ ಮೂಲಕ ಕಲಿಸಬೇಕೆಂಬುದು ಅವನ ಆಶಯ. ಮಕ್ಕಳಿಗಾಗಿಯೇ ಚಿತ್ರಸಹಿತವಾಗಿ ರಚಿತವಾದ ಮೊದಲ ಪಠ್ಯಪುಸ್ತಕಗಳಲ್ಲಿ ಅದಕ್ಕೆ ಅಗ್ರಸ್ಥಾನವಿದೆ. ಹಕ್ಕಿ, ಮರ, ಕಸುಬು, ಮನೆ ಎಲ್ಲವೂ ಅದರಲ್ಲಿ ಸೊಗಸಾಗಿ ಮೂಡಿವೆ. ಆದರೆ ಆಕಾಶದ ಪುಟದಲ್ಲಿ ಭೂಮಿಯು ನಡುವೆ ನಿಂತಿದೆ. ಆಕಾಶವು ಅದರ ಸುತ್ತ ತಿರುಗುತ್ತಿದೆ. ಭೂಮಿಯೇ ಸೂರ್ಯನನ್ನು ಸುತ್ತುತ್ತದೆಂದು ಸಾರಿದ ಕೋಪರ್ನಿಕಸನ ಗ್ರಂಥ 1543ರಲ್ಲಿಯೇ ಹೊರಬಂದಿತ್ತು. ಗೆಲಿಲಿಯೋ ದೂರದರ್ಶಕದಿಂದ ತಾನು ಕಂಡುದನ್ನು 1610ರಲ್ಲಿಯೇ ಪ್ರಕಟಿಸಿದ್ದನು. ಆದರೂ ಹಳೆಯ ತಿಳಿವಳಿಕೆಯೇ ಚಿತ್ರವಾಗಿ ಮಕ್ಕಳ ಕೈ ಸೇರಿತು. ಕೊಮೆನಿಯಸನ ಮಕ್ಕಳ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಚಿತ್ರಗಾರನ ಕೈಯಲ್ಲಿಯೂ ಕೊರತೆಯಿರಲಿಲ್ಲ. ಪ್ರೀತಿಯೂ ಅಂದವೂ ಇದ್ದ ಮಾತ್ರಕ್ಕೆ ಪುಸ್ತಕವು ನಿಜವನ್ನು ಹೇಳಿದಂತಾಗುವುದಿಲ್ಲ ಎಂಬ ಪಾಠವನ್ನು ಆ ಪುಟ ಇಂದಿಗೂ ಹೇಳುತ್ತಿದೆ.

ಆಕಾಶದ ಚಿತ್ರವನ್ನು ಬರೆಯುವುದು ಹಸುವಿನ ಚಿತ್ರವನ್ನು ಬರೆದಷ್ಟು ಸುಲಭವಲ್ಲ. ಹಸುವನ್ನು ಚಿತ್ರದಲ್ಲಿ ಕಂಡ ಮಗು ಬೀದಿಯಲ್ಲಿಯೂ ಅದನ್ನು ಕಾಣುತ್ತದೆ. ಚಿತ್ರದಲ್ಲಿ ದೋಷವಿದ್ದರೆ ಕಣ್ಣು ತಾನೇ ತಿದ್ದಿಕೊಳ್ಳುತ್ತದೆ. ಶನಿಗ್ರಹವನ್ನಾಗಲಿ ಸೂರ್ಯನ ಸುತ್ತಲಿನ ಗ್ರಹಗಳ ಹಾದಿಯನ್ನಾಗಲಿ ಮಗು ಬೀದಿಯಲ್ಲಿ ಕಾಣುವಂತಿಲ್ಲ. ಪುಟದಲ್ಲಿ ಕಂಡುದೇ ಅದಕ್ಕೆ ಸತ್ಯ. ಅಷ್ಟೇ ಅಲ್ಲ, ಆಕಾಶದ ಗಾತ್ರವನ್ನೂ ದೂರವನ್ನೂ ಒಂದೇ ಪುಟದಲ್ಲಿ ಸರಿಯಾದ ಅಳತೆಯಿಂದ ತೋರಿಸಲು ಯಾವ ಚಿತ್ರಕಾರನಿಗೂ ಸಾಧ್ಯವಿಲ್ಲ.

ಒಂದು ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಭೂಮಿಯನ್ನು ಒಂದು ಸೆಂಟಿಮೀಟರ್ ಅಗಲದ ಕಡಲೆಕಾಳೆಂದು ಭಾವಿಸೋಣ. ಆಗ ಚಂದ್ರನು ಸಾಸಿವೆಗಿಂತ ತುಸು ದೊಡ್ಡದಾದ ಕಾಳು. ಅವನಿರುವುದು ಕಡಲೆಯಿಂದ 30 ಸೆಂಟಿಮೀಟರ್ ದೂರದಲ್ಲಿ. ಸೂರ್ಯನು ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು ಅಗಲದ, ಹೆಚ್ಚುಕಡಿಮೆ ಗಾಡಿಯ ಚಕ್ರದಷ್ಟು ದೊಡ್ಡದಾದ ಗೋಳ; ಅವನಿಗೂ ಕಡಲೆಗೂ ನಡುವೆ 117 ಮೀಟರುಗಳ ಬಯಲು. ಗ್ರಹಗಳಲ್ಲಿ ಕೊನೆಯದಾದ ನೆಪ್ಚೂನ್ ಒಂದು ನಿಂಬೆಹಣ್ಣು. ಅದು ಆ ಚಕ್ರದಿಂದ ಮೂರೂವರೆ ಕಿಲೋಮೀಟರ್ ಆಚೆ. ಸೂರ್ಯನಿಗೆ ಅತ್ಯಂತ ಸಮೀಪದ ನಕ್ಷತ್ರವನ್ನು ಈ ಅಳತೆಯಲ್ಲಿ ಇರಿಸಬೇಕಾದರೆ ಸುಮಾರು 31,000 ಕಿಲೋಮೀಟರ್ ಹೋಗಬೇಕು. ಅಂದರೆ ಭೂಮಿಯ ಸುತ್ತಳತೆಯ ಮುಕ್ಕಾಲು ಭಾಗ. ಇಂತಹ ಅಗಾಧವಾದ ಬಯಲನ್ನು ಅಂಗೈಯಗಲದ ಕಾಗದದಲ್ಲಿ ಅಡಗಿಸುವಾಗ ಚಿತ್ರಕಾರನು ಗ್ರಹಗಳನ್ನು ಹಿಗ್ಗಿಸುತ್ತಾನೆ, ಸೂರ್ಯನನ್ನು ಕುಗ್ಗಿಸುತ್ತಾನೆ, ದೂರವನ್ನು ಅಳಿಸಿಹಾಕುತ್ತಾನೆ. ಇದು ತಪ್ಪಲ್ಲ, ಅನಿವಾರ್ಯ. ತಪ್ಪಾಗುವುದು ಅದನ್ನು ಹೇಳದೆ ಮುಚ್ಚಿಟ್ಟಾಗ. “ಇಲ್ಲಿ ಗ್ರಹಗಳನ್ನು ಹತ್ತಿರ ಹತ್ತಿರ ಬರೆದಿದೆ, ನಿಜವಾಗಿ ಅವು ಬಹಳ ದೂರ ದೂರ ಇವೆ” ಎಂದು ಒಂದು ಸಾಲು ಇದ್ದರೆ ಸಾಕು. ಆ ಒಂದು ಸಾಲಿರುವ ಪುಸ್ತಕವು ಮಗುವಿಗೆ ಕೊಡುವ ಗೌರವ ದೊಡ್ಡದು. ಪುಸ್ತಕ ಕೈಗೆ ಬಂದಾಗ ಮೊದಲು ಹುಡುಕಬೇಕಾದುದು ಇಂತಹ ಸಾಲನ್ನು.

ಚಿತ್ರದ ಒಂದು ಸಣ್ಣ ಓರೆಯು ಎಷ್ಟು ದೊಡ್ಡ ತಪ್ಪಿಗೆ ದಾರಿಯಾಗುತ್ತದೆಂಬುದನ್ನು ಋತುಗಳ ವಿಷಯದಲ್ಲಿ ಕಾಣಬಹುದು. ಭೂಮಿಯ ಪಥವನ್ನು ಓರೆಯಿಂದ ನೋಡಿದಂತೆ ಉದ್ದನೆಯ ಮೊಟ್ಟೆಯಾಕಾರದಲ್ಲಿ ಬರೆಯುವ ರೂಢಿಯಿದೆ. ಅದನ್ನು ನೋಡಿದ ಮಗು ಭೂಮಿಯು ಸೂರ್ಯನ ಬಳಿಗೆ ಬಂದಾಗ ಬೇಸಿಗೆ, ದೂರ ಸರಿದಾಗ ಚಳಿಗಾಲವೆಂದು ತಾನೇ ಊಹಿಸಿಕೊಳ್ಳುತ್ತದೆ. ಪುಸ್ತಕದಲ್ಲಿ ಹಾಗೆ ಬರೆದಿರುವುದಿಲ್ಲ. ಆದರೆ ಚಿತ್ರ ಹಾಗೆ ನುಡಿಯುತ್ತದೆ. ವಾಸ್ತವವಾಗಿ ಭೂಮಿಯು ಸೂರ್ಯನಿಗೆ ಅತ್ಯಂತ ಸಮೀಪಕ್ಕೆ ಬರುವುದು ಜನವರಿಯ ಮೊದಲ ವಾರದಲ್ಲಿ, ನಮ್ಮಲ್ಲಿ ಚಳಿ ಕೊರೆಯುತ್ತಿರುವ ಕಾಲದಲ್ಲಿ. ಆಗ ಅವುಗಳ ನಡುವಿನ ದೂರ ಸುಮಾರು 14 ಕೋಟಿ 70 ಲಕ್ಷ ಕಿಲೋಮೀಟರ್. ಜುಲೈ ಮೊದಲ ವಾರದಲ್ಲಿ ಅದು 15 ಕೋಟಿ 20 ಲಕ್ಷ ಕಿಲೋಮೀಟರ್. ಭೂಮಿಯ ಪಥವನ್ನು ಸರಿಯಾದ ಅಳತೆಯಲ್ಲಿ ಕಾಗದದ ಮೇಲೆ ಬರೆದರೆ ಅದನ್ನು ವೃತ್ತದಿಂದ ಬೇರೆಯೆಂದು ಬರಿಗಣ್ಣು ಗುರುತಿಸಲಾರದು. ಋತುಗಳಿಗೆ ಕಾರಣ ಭೂಮಿಯ ಅಕ್ಷದ ಸುಮಾರು ಇಪ್ಪತ್ತಮೂರೂವರೆ ಡಿಗ್ರಿಗಳ ಓರೆ. ಬಾಲ್ಯದಲ್ಲಿ ಕಂಡ ಆ ಮೊಟ್ಟೆಯಾಕಾರವು ಮನಸ್ಸಿನಲ್ಲಿ ಎಷ್ಟು ಆಳವಾಗಿ ಬೇರೂರುವುದೆಂದರೆ, ಮುಂದೆ ತರಗತಿಯಲ್ಲಿ ನಿಜವನ್ನು ಕಲಿತವರೂ ಹಳೆಯ ಊಹೆಯನ್ನು ಬಿಡಲು ಕಷ್ಟಪಡುತ್ತಾರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯ ಮಾತು ಇಲ್ಲಿಯೂ ಸಲ್ಲುತ್ತದೆ.

ಚಂದ್ರನ ಚಿತ್ರವು ಇನ್ನೊಂದು ಪರೀಕ್ಷೆ. ಬಿದಿಗೆ ತದಿಗೆಯ ಚಂದ್ರನ ಎರಡು ಕೊಂಬುಗಳ ನಡುವೆ ಒಂದು ನಕ್ಷತ್ರವನ್ನು ಮಿನುಗಿಸುವುದು ಅನೇಕ ಚಿತ್ರಕಾರರಿಗೆ ಪ್ರಿಯವಾದ ಅಲಂಕಾರ. ಆದರೆ ಆ ಎಡೆಯು ಬರಿದಾದ ಆಕಾಶವಲ್ಲ. ಬೆಳಕು ಬೀಳದಿರುವ ಚಂದ್ರನ ಮೈಯೇ ಅಲ್ಲಿದೆ. ಅದರ ಹಿಂದಿರುವ ನಕ್ಷತ್ರವು ಕಾಣಿಸಲಾರದು. ಇಂತಹ ಚಿತ್ರವನ್ನು ನೋಡಿ ಬೆಳೆದ ಮಗು ಚಂದ್ರನು ನಿಜವಾಗಿಯೇ ತುಂಡಾಗುತ್ತಾನೆಂದು ನಂಬಿದರೆ ಅದರ ತಪ್ಪೇನು? ಇನ್ನು ಶೀತದೇಶಗಳಿಂದ ಬರುವ ಪುಸ್ತಕಗಳಲ್ಲಿ ಎಳೆಯ ಚಂದ್ರನು ಕುಡುಗೋಲಿನಂತೆ ನೆಟ್ಟಗೆ ನಿಂತಿರುತ್ತಾನೆ. ಆ ನಾಡುಗಳಲ್ಲಿ ಅವನು ಹಾಗೆಯೇ ಕಾಣುವುದುಂಟು. ಭೂಮಧ್ಯರೇಖೆಗೆ ಹೆಚ್ಚು ಸಮೀಪವಿರುವ ಕರ್ನಾಟಕದಲ್ಲಿ ಸಂಜೆಯ ಪಡುವಣ ಬಾನಿನಲ್ಲಿ ಅವನು ದೋಣಿಯಂತೆ ಮಲಗಿರುವುದೇ ಹೆಚ್ಚು. ಹಾಗೆಯೇ ಆ ಪುಸ್ತಕಗಳಲ್ಲಿ ಧ್ರುವನಕ್ಷತ್ರವು ಬಾನಿನ ಎತ್ತರದಲ್ಲಿ ಹೊಳೆಯುತ್ತದೆ. ಬೆಂಗಳೂರಿನಲ್ಲಿ ಅದು ಉತ್ತರದ ದಿಗಂತದಿಂದ ಕೇವಲ 13 ಡಿಗ್ರಿಗಳ ಎತ್ತರದಲ್ಲಿ, ಮರಗಳ ಮರೆಯಲ್ಲಿ ಅಡಗಿರುತ್ತದೆ. ಪರದೇಶದ ಪುಸ್ತಕವೆಂಬ ಕಾರಣಕ್ಕೆ ಅದನ್ನು ದೂರವಿಡಬೇಕಾಗಿಲ್ಲ. ಆದರೆ ಓದಿಹೇಳುವವರು, “ಅವರ ಊರಿನಿಂದ ಹಾಗೆ ಕಾಣುತ್ತದೆ, ನಮ್ಮ ಊರಿನಿಂದ ಹೀಗೆ ಕಾಣುತ್ತದೆ” ಎಂದು ತಿಳಿಸಬೇಕು. ಅಷ್ಟರಿಂದಲೇ ಭೂಮಿಯು ದುಂಡಗಿದೆಯೆಂಬ ಅರಿವಿಗೆ ಮಗು ಒಂದು ಹೆಜ್ಜೆ ಹತ್ತಿರ ಬರುತ್ತದೆ.

ಪುಸ್ತಕದ ಮೊದಲ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುವ ಪ್ರಕಟಣೆಯ ವರ್ಷವನ್ನು ನೋಡುವ ಅಭ್ಯಾಸವೂ ಒಳ್ಳೆಯದು. 1930ರಲ್ಲಿ ಪತ್ತೆಯಾದ ಪ್ಲೂಟೋವನ್ನು ಬಹುಕಾಲ ಒಂಬತ್ತನೆಯ ಗ್ರಹವೆಂದು ಎಣಿಸಲಾಗುತ್ತಿತ್ತು. 2006ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು ಅದನ್ನು ಕುಬ್ಜಗ್ರಹಗಳ ಗುಂಪಿಗೆ ಸೇರಿಸಿತು. 2008ರಲ್ಲಿ ಹಾರಿದ ಚಂದ್ರಯಾನ-1 ನೌಕೆಯಲ್ಲಿದ್ದ ಉಪಕರಣಗಳು ಚಂದ್ರನ ನೆಲದಲ್ಲಿ ನೀರಿನ ಕುರುಹನ್ನು ತೋರಿಸಿಕೊಟ್ಟ ಮೇಲೆ, ಅಲ್ಲಿ ನೀರಿನ ಸುಳಿವೇ ಇಲ್ಲವೆಂಬ ಹಳೆಯ ಮಾತು ನಿಲ್ಲದಾಯಿತು. ಶನಿಯ ಉಪಗ್ರಹಗಳ ಸಂಖ್ಯೆಯಂತೂ ಹೊಸ ಹೊಸ ಶೋಧಗಳಿಂದ ಬೆಳೆಯುತ್ತಲೇ ಇದೆ. ಬಲ್ಲ ಲೇಖಕನು ಎಳೆಯರ ಪುಸ್ತಕದಲ್ಲಿ ಇಂತಹ ಸಂಖ್ಯೆಗಳನ್ನು ತುಂಬುವುದಿಲ್ಲ. “ಶನಿಗೆ ಅನೇಕ ಚಂದ್ರರಿದ್ದಾರೆ” ಎನ್ನುತ್ತಾನೆ. ಆ ಮಾತು ಸರಳವೂ ಹೌದು, ಬಹುಕಾಲ ಬಾಳುವಂತಹುದೂ ಹೌದು. ಹಳೆಯ ಪುಸ್ತಕವು ಮನೆಯಲ್ಲಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಒಂಬತ್ತು ಗ್ರಹಗಳ ಪುಟವನ್ನು ತೆರೆದು, ತಿಳಿವಳಿಕೆ ಹೇಗೆ ಬದಲಾಯಿತೆಂದು ಹೇಳಿದರೆ ವಿಜ್ಞಾನವೆಂದರೆ ತನ್ನನ್ನು ತಾನು ತಿದ್ದಿಕೊಳ್ಳುವ ವಿದ್ಯೆಯೆಂಬುದು ಮಗುವಿಗೆ ಮನದಟ್ಟಾಗುತ್ತದೆ.

ಸರಳತೆಯೆಂದರೆ ಸುಳ್ಳಲ್ಲ. ಹೇಳಬೇಕಾದುದನ್ನು ಕಡಿಮೆ ಮಾಡುವುದು ಸರಳತೆ. ಹೇಳಿದುದನ್ನು ಕೆಡಿಸುವುದು ಸುಳ್ಳು. ಅಮೆರಿಕದ ಖಗೋಳವಿದ್ವಾಂಸ ಫ್ರಾಂಕ್ಲಿನ್ ಬ್ರಾನ್ಲಿ ಎಳೆಯರಿಗಾಗಿ 1960ರಲ್ಲಿ ಬರೆದ ಒಂದು ಪುಸ್ತಕದ ಹೆಸರನ್ನು ಕನ್ನಡದಲ್ಲಿ ಹೇಳುವುದಾದರೆ, ‘ಚಂದ್ರನು ಬದಲಾಗುವಂತೆ ತೋರುತ್ತಾನೆ’ ಎಂದಾಗುತ್ತದೆ. ಚಂದ್ರನು ಬದಲಾಗುತ್ತಾನೆ ಎಂದಿದ್ದರೆ ಹೆಸರು ಚಿಕ್ಕದಾಗುತ್ತಿತ್ತು, ಆದರೆ ನಿಜವಾಗುತ್ತಿರಲಿಲ್ಲ. ‘ತೋರುತ್ತಾನೆ’ ಎಂಬ ಒಂದು ಪದವೇ ಮಗುವನ್ನು ಪ್ರಶ್ನೆಯತ್ತ ಕರೆದೊಯ್ಯುತ್ತದೆ. 1987ರಲ್ಲಿ ಆ ಪುಸ್ತಕವು ಹೊಸ ಚಿತ್ರಗಳೊಡನೆ ಮತ್ತೆ ಪ್ರಕಟವಾಯಿತು. ಹಾಗೆಯೇ ಎಚ್. ಎ. ರೇ ಎಂಬ ಚಿತ್ರಕಾರನು ನಕ್ಷತ್ರಪುಂಜಗಳನ್ನು ಕುರಿತು 1952ರಲ್ಲಿ ಒಂದು ಪುಸ್ತಕವನ್ನೂ, 1954ರಲ್ಲಿ ಮಕ್ಕಳಿಗಾಗಿ ಮತ್ತೊಂದನ್ನೂ ಹೊರತಂದನು. ಸಿಂಹವೆಂಬ ಹೆಸರಿದ್ದರೂ ಸಿಂಹದಂತೆ ಕಾಣದ ಗೆರೆಗಳನ್ನು ಹಳೆಯ ನಕ್ಷೆಗಳಲ್ಲಿ ಎಳೆಯುತ್ತಿದ್ದರು. ರೇ ನಕ್ಷತ್ರಗಳ ಸ್ಥಾನವನ್ನು ಕದಲಿಸಲಿಲ್ಲ. ಅವುಗಳನ್ನು ಕೂಡಿಸುವ ಗೆರೆಗಳನ್ನು ಮಾತ್ರ ಬದಲಿಸಿದನು. ಸಿಂಹವು ಸಿಂಹವಾಗಿ ಕಂಡಿತು. ನಿಜವನ್ನು ಕದಲಿಸದೆ ಸುಲಭಗೊಳಿಸುವ ಜಾಣ್ಮೆಗೆ ಇದೊಂದು ಮಾದರಿ.

ಹಾಗಾದರೆ ಕಥೆಗೆ ಎಡೆಯಿಲ್ಲವೇ? ಖಂಡಿತವಾಗಿಯೂ ಇದೆ. ಚಂದ್ರನಲ್ಲಿ ಮೊಲವನ್ನು ಕಾಣುವ ಕಲ್ಪನೆಯಿಲ್ಲದ ಬಾಲ್ಯವು ಬಡವಾದುದು. ಧ್ರುವನ ಕಥೆ, ಸಪ್ತರ್ಷಿಗಳ ಕಥೆ ಮಕ್ಕಳನ್ನು ಬಾನಿನತ್ತ ಸೆಳೆಯುತ್ತವೆ. ಆದರೆ ಕಥೆಯು ಕಥೆಯಾಗಿಯೂ ವಿಜ್ಞಾನವು ವಿಜ್ಞಾನವಾಗಿಯೂ ಇರಬೇಕು. ರಾಹುವು ಸೂರ್ಯನನ್ನು ನುಂಗುವ ಚಿತ್ರವನ್ನು ಕಥೆಯ ಪುಸ್ತಕದಲ್ಲಿ ನೋಡಿ ನಲಿಯಬಹುದು. ಗ್ರಹಣವನ್ನು ತಿಳಿಸುವ ಪುಸ್ತಕದಲ್ಲಿ ನೆರಳಿನ ಚಿತ್ರವೇ ಬೇಕು. ಗ್ರಹಣಗಳಿಗೆ ಭೂಮಿ ಚಂದ್ರರ ನೆರಳೇ ಕಾರಣವೆಂದು ಕ್ರಿ.ಶ. 499ರಷ್ಟು ಹಿಂದೆಯೇ ಆರ್ಯಭಟನು ತಿಳಿಸಿದ್ದಾನೆ. ಎರಡನ್ನೂ ಬೆರೆಸಿ, ಯಾವುದು ಕಲ್ಪನೆ ಯಾವುದು ವಾಸ್ತವ ಎಂಬುದು ತಿಳಿಯದಂತೆ ಮಾಡುವ ಪುಸ್ತಕವು ಕಥೆಗೂ ನ್ಯಾಯ ಸಲ್ಲಿಸುವುದಿಲ್ಲ, ವಿಜ್ಞಾನಕ್ಕೂ ಸಲ್ಲಿಸುವುದಿಲ್ಲ.

ವಯಸ್ಸಿಗೆ ತಕ್ಕ ಆಯ್ಕೆಯೂ ಮುಖ್ಯ. ಎರಡು ಮೂರು ವರ್ಷದ ಕೂಸಿಗೆ ಹರಿಯದ ದಪ್ಪ ಹಾಳೆಗಳು, ಪುಟಕ್ಕೊಂದೇ ಚಿತ್ರ, ಒಂದೆರಡು ಪದಗಳು ಸಾಕು: ಸೂರ್ಯ, ಚಂದ್ರ, ಚುಕ್ಕಿ, ಮೋಡ. ನಾಲ್ಕೈದು ವರ್ಷದವರಿಗೆ ಹಗಲು ಏಕೆ, ಇರುಳು ಏಕೆ, ಚಂದ್ರನು ತಮ್ಮೊಡನೆ ನಡೆದುಬರುವಂತೆ ಏಕೆ ಕಾಣುತ್ತಾನೆ ಎಂಬಂತಹ, ಅವರೇ ಕೇಳುವ ಪ್ರಶ್ನೆಗಳ ಸುತ್ತ ಹೆಣೆದ ಪುಸ್ತಕ ಹಿಡಿಸುತ್ತದೆ. ಆರೇಳು ವರ್ಷದವರು ಗ್ರಹಗಳ ಹೆಸರನ್ನೂ ರಾಕೆಟ್ಟಿನ ಕೆಲಸವನ್ನೂ ಅರಿಯಬಲ್ಲರು. ಒಂದೇ ಪುಟದಲ್ಲಿ ಇಪ್ಪತ್ತು ಸಂಗತಿಗಳನ್ನು ತುರುಕಿದ ಪುಸ್ತಕವು ಜ್ಞಾನಭಂಡಾರದಂತೆ ಕಂಡರೂ ಎಳೆಯ ಮನಸ್ಸಿಗೆ ಅದು ಹೊರೆ. ಭಯ ಹುಟ್ಟಿಸುವ ಪುಟಗಳ ವಿಷಯದಲ್ಲಿಯೂ ಎಚ್ಚರ ಬೇಕು. ಮುಂದೊಂದು ಕಾಲಕ್ಕೆ ಸೂರ್ಯನು ಆರಿಹೋಗುವನೆಂದು ಓದಿದ ಮಗುವಿಗೆ ಆ ರಾತ್ರಿ ನಿದ್ರೆ ಬಾರದೆ ಹೋಗಬಹುದು. ಆ ಕಾಲ ಬರಲು ಇನ್ನೂ ಸುಮಾರು 500 ಕೋಟಿ ವರ್ಷಗಳಿವೆಯೆಂದು ಅದೇ ಪುಟದಲ್ಲಿ ಹೇಳುವ ಪುಸ್ತಕವು ಮಗುವಿನ ಮನಸ್ಸನ್ನು ಬಲ್ಲುದು.

ಒಳ್ಳೆಯ ಪುಸ್ತಕವು ದುಬಾರಿಯಾಗಿಯೇ ಇರಬೇಕೆಂಬ ನಿಯಮವಿಲ್ಲ. ಶಿವರಾಮ ಕಾರಂತರು 1936ರಲ್ಲಿಯೇ ‘ಬಾಲ ಪ್ರಪಂಚ’ವನ್ನು ಹೊರತಂದು ಕನ್ನಡದ ಮಕ್ಕಳಿಗೆ ಅವರ ಭಾಷೆಯಲ್ಲಿಯೇ ಲೋಕಜ್ಞಾನವನ್ನು ತಂದುಕೊಡಲು ಶ್ರಮಿಸಿದರು. 1957ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಬುಕ್ ಟ್ರಸ್ಟ್ ಕಡಿಮೆ ಬೆಲೆಯ ಮಕ್ಕಳ ಪುಸ್ತಕಗಳನ್ನು ಭಾರತದ ಹಲವು ಭಾಷೆಗಳಲ್ಲಿ ಪ್ರಕಟಿಸುತ್ತ ಬಂದಿದೆ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಯೋಜನೆಯ ಮೂಲಕ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಚಿತ್ರಪುಸ್ತಕಗಳನ್ನು ಉಚಿತವಾಗಿ ಓದಲು ಅವಕಾಶವಾಯಿತು. ಶಾಲೆಯ ಕಪಾಟಿನಲ್ಲಿ, ಊರಿನ ಗ್ರಂಥಾಲಯದಲ್ಲಿ ಧೂಳು ಹಿಡಿದ ಪುಸ್ತಕಗಳೂ ಇವೆ. ಮಗುವಿಗೆ ತಿಳಿಯುವ ಮಾತಿನಲ್ಲಿರುವುದು ಮುಖ್ಯ. ಅರ್ಥವಾಗದ ಪರಭಾಷೆಯ ಹತ್ತು ಹೊಳಪಿನ ಪುಟಗಳಿಗಿಂತ ತಾಯ್ನುಡಿಯ ಒಂದು ಸಾದಾ ಪುಟ ಮೇಲು.

ಇಷ್ಟೆಲ್ಲ ನೋಡಿ ಆರಿಸಿದ ಪುಸ್ತಕಕ್ಕೂ ಒಂದು ಕೊನೆಯ ಪರೀಕ್ಷೆಯಿದೆ. ಓದಿ ಮುಗಿಸಿದ ಮೇಲೆ ಮಗು ಏನು ಮಾಡುತ್ತದೆ? ಮತ್ತೊಮ್ಮೆ ಓದೆಂದು ಕೇಳಿದರೆ ಪುಸ್ತಕವು ಹಿಡಿಸಿದೆಯೆಂದು ತಿಳಿಯಬಹುದು. ಪುಸ್ತಕವನ್ನು ಮಡಿಚಿಟ್ಟು, “ಇವತ್ತು ಚಂದ್ರ ಎಲ್ಲಿದ್ದಾನೆ?” ಎಂದು ಕೇಳಿ ಅಂಗಳಕ್ಕೆ ಓಡಿದರೆ ಆ ಪುಸ್ತಕವು ತನ್ನ ಕೆಲಸವನ್ನು ಪೂರ್ತಿಯಾಗಿ ಮಾಡಿದೆಯೆಂದು ತಿಳಿಯಬೇಕು. ಆಗ ಹಿರಿಯರು ಮಾಡಬೇಕಾದುದು ಅದರ ಜೊತೆಗೆ ಹೊರಗೆ ಹೋಗುವುದು ಮಾತ್ರ. ಸೂರ್ಯನನ್ನು ನೇರವಾಗಿ ನೋಡಬಾರದೆಂದು ಎಚ್ಚರಿಸಿ, ಸಂಜೆಯ ಬಾನನ್ನು ತೋರಿಸಬೇಕು. ಅಮಾವಾಸ್ಯೆಯ ಮರುದಿನಗಳಿಂದ ಹುಣ್ಣಿಮೆಯವರೆಗೆ ದಿನವೂ ಚಂದ್ರನನ್ನು ನೋಡಿ ಮಗುವೇ ಒಂದು ಹಾಳೆಯಲ್ಲಿ ಅವನ ಚಿತ್ರವನ್ನು ಬರೆಯಲಿ. ಹದಿನೈದು ದಿನಗಳಲ್ಲಿ ಒಂದು ಹೊಸ ಪುಸ್ತಕ ಸಿದ್ಧವಾಗುತ್ತದೆ. ಅದರಲ್ಲಿ ದೋಣಿಯಂತಹ ಚಂದ್ರನು ದೋಣಿಯಂತೆಯೇ ಇರುತ್ತಾನೆ.

ಕೊಮೆನಿಯಸನ ಪುಸ್ತಕದಲ್ಲಿ ಆಕಾಶವನ್ನು ನೋಡಿ ಬೆಳೆದ ಮಕ್ಕಳ ಮುಂದಿನ ತಲೆಮಾರುಗಳೇ ಆ ಚಿತ್ರವನ್ನು ತಿದ್ದಿದವು. ಪುಟವನ್ನು ನಂಬಿ ಸುಮ್ಮನಾಗದೆ, ತಲೆಯೆತ್ತಿ ಬಾನನ್ನೂ ನೋಡಿದವರಿದ್ದುದರಿಂದ ಅದು ಸಾಧ್ಯವಾಯಿತು. ಇಂದು ಮಡಿಲಲ್ಲಿ ಕುಳಿತು ಚಿತ್ರಗಳ ಮೇಲೆ ಬೆರಳಾಡಿಸುವ ಮಗುವಿಗೂ ಆ ಸ್ವಾತಂತ್ರ್ಯ ಬೇಕು. ಪುಟದ ಚಂದ್ರನಿಗೂ ಬಾನಿನ ಚಂದ್ರನಿಗೂ ವ್ಯತ್ಯಾಸ ಕಂಡಾಗ “ಏಕೆ ಹೀಗೆ?” ಎಂದು ಕೇಳುವ ಧೈರ್ಯವನ್ನು ಬೆಳೆಸುವ ಪುಸ್ತಕವನ್ನು ಆರಿಸಿಕೊಡುವುದು, ಆ ಪ್ರಶ್ನೆಗೆ ತಾಳ್ಮೆಯಿಂದ ಕಿವಿಗೊಡುವುದು ಹಿರಿಯರೆನಿಸಿಕೊಂಡ ಎಲ್ಲರ ಕರ್ತವ್ಯ.

ಅಭ್ಯಾಸ

1. ಚಿತ್ರಪುಸ್ತಕವನ್ನು ಕನ್ನಡಿಗೆ ಹೋಲಿಸಿರುವುದರ ಔಚಿತ್ಯವೇನು?
2. ಕೊಮೆನಿಯಸನ ಪುಸ್ತಕದ ಆಕಾಶದ ಪುಟವು ಯಾವ ಪಾಠವನ್ನು ಹೇಳುತ್ತದೆ?
3. ಭೂಮಿಯನ್ನು ಕಡಲೆಕಾಳೆಂದು ಭಾವಿಸಿದರೆ ಸೂರ್ಯ, ಚಂದ್ರ, ನೆಪ್ಚೂನ್‌ಗಳ ಗಾತ್ರವೂ ದೂರವೂ ಎಷ್ಟೆಷ್ಟು? ಶಾಲೆಯ ಮೈದಾನದಲ್ಲಿ ಸೂರ್ಯ ಮತ್ತು ಭೂಮಿಯ ನಡುವಿನ ಈ ದೂರವನ್ನು ಅಳೆದು ನೋಡಿರಿ.
4. “ಸರಳತೆಯೆಂದರೆ ಸುಳ್ಳಲ್ಲ” — ಈ ಮಾತನ್ನು ಪಾಠದ ನಿದರ್ಶನಗಳಿಂದ ಸಮರ್ಥಿಸಿರಿ.
5. ನಿಮ್ಮ ಶಾಲೆಯ ಗ್ರಂಥಾಲಯದಿಂದ ಆಕಾಶವನ್ನು ಕುರಿತ ಒಂದು ಚಿತ್ರಪುಸ್ತಕವನ್ನು ಆರಿಸಿ, ಅದರ ಗುಣದೋಷಗಳನ್ನು ಕುರಿತು ಒಂದು ಪುಟ ಬರೆಯಿರಿ.